ಡಿಕ್ಕಿಯಿಂದ ತೆಗೆದೆಸೆದ ಕಲ್ಲು

ತೆಗೆಯದೇ ಇದ್ದ ಬ್ರೇಕ್ ಡ್ರಮ್ಮನ್ನು ತೆಗೆದು ದುರಸ್ತಿ ಮಾಡಿದ್ದೇನೆಂದು ಸುಳ್ಳು ಹೇಳಿ, ಒಬ್ಬ ಮೇಸ್ತ್ರಿ ನನ್ನ ಕಾರನ್ನು ನನ್ನ ಕೈಗೊಪ್ಪಿಸಿದ. ಆ ಸುಳ್ಳಿಗೆ ನನ್ನ ಹೆಂಡತಿ ತನ್ನ ಬಲಗಾಲನ್ನು ತೆತ್ತಳು. ಆಮೇಲೆ ಬೈಲಹೊಂಗಲದ ಕೆಲವು ಹಿರಿಯರು ಕೂಡಿ, ತಪ್ಪು ಮೇಸ್ತ್ರಿಯದಲ್ಲ, ಹ್ಯಾಂಡ್‌ಬ್ರೇಕ್ ಹಾಕಲು ಮರೆತ ಮುದುಕನದು ಎಂದು ತೀರ್ಮಾನಿಸಿದರು. ಇದು 1997ರ ದಸರೆಯಲ್ಲಿ ನಡೆದದ್ದು. ನಾನು ಅಂದು ಮರೆತಿರಲಿಲ್ಲ. ಇಂದಿಗೂ ಏನನ್ನೂ ಮರೆತಿಲ್ಲ.

ನಾನು ಹತ್ತಿ ಮಾರುಕಟ್ಟೆಯಲ್ಲಿ ಅರಳೆಯ ದರ್ಜೆ ಗುರುತಿಸುವ ಕೆಲಸ ಮಾಡಿ ನಿವೃತ್ತನಾದವನು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಎಳೆ ಹಿಡಿದು ಇದು ಯಾವ ದರ್ಜೆಯದೆಂದು ಹೇಳುವುದರಲ್ಲಿ ನನ್ನ ಆಯುಷ್ಯ ಹೋಯಿತು. ಸರಿಯಾಗಿ ನೋಡದೆ ಒಂದು ಮಾತನ್ನೂ ಆಡಬಾರದೆಂಬುದು ಆ ಕೆಲಸ ನನಗೆ ಹಚ್ಚಿದ ಚಟ. ನಿವೃತ್ತಿಯಾದ ಮೇಲೆ ಹತ್ತಿ ಬಿಡಿಸುವ ಜಿನ್ನಿನ ಮಾಲೀಕರೊಬ್ಬರು ಬಳಸಿ ಬಿಟ್ಟ ಬೂದುಬಣ್ಣದ ಅಂಬಾಸಿಡರ್ ಕಾರನ್ನು ಕೊಂಡೆ. ಗಂಗವ್ವ, ಅಂದರೆ ನನ್ನ ಹೆಂಡತಿ, ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರದವಳಾಗಿದ್ದಳು. ಆ ಕಾರು ಅವಳಿಗಾಗಿಯೇ ಬಂದದ್ದು.

ಕಾರಿಗೆ ಇದ್ದದ್ದು ಒಂದೇ ಕೊರತೆ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ಹಿಡಿಯನ್ನು ಪೂರ್ತಿ ಎಳೆದರೂ ಸ್ವಲ್ಪ ಇಳಿಜಾರು ಸಿಕ್ಕರೆ ಗಾಡಿ ಮೆಲ್ಲಗೆ ಜಾರುತ್ತಿತ್ತು. ಅದಕ್ಕಾಗಿ ಡಿಕ್ಕಿಯಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಕಪ್ಪು ಕಲ್ಲನ್ನು ಇಟ್ಟುಕೊಂಡಿದ್ದೆ. ಕಾರು ನಿಲ್ಲಿಸಿದಲ್ಲೆಲ್ಲ ಮೊದಲು ಇಳಿದು ಹಿಂದಿನ ಗಾಲಿಗೆ ಆ ಕಲ್ಲು ಕೊಟ್ಟ ಮೇಲೆಯೇ ಗಂಗವ್ವನನ್ನು ಇಳಿಸುತ್ತಿದ್ದೆ. ಅವಳು ನಗುತ್ತಿದ್ದಳು. "ನನಗಿಂತ ಆ ಕಲ್ಲಿಗೇ ಮರ್ಯಾದಿ ಭಾಳ ಕೊಡತೀರಿ" ಎನ್ನುತ್ತಿದ್ದಳು.

ಆ ವರ್ಷ ಬನ್ನಿಯ ದಿನ ಸವದತ್ತಿಯಲ್ಲಿರುವ ಅವಳ ತಮ್ಮನ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಕೋಟೆಯ ಕಡೆಗೆ ಏರುವ ಓಣಿಯಲ್ಲಿ ಅವನ ಮನೆ. ಆ ಏರಿನ ನೆನಪಾಗಿಯೇ ನಾನು ಹಬ್ಬಕ್ಕೆ ಎಷ್ಟೋ ಮೊದಲು ಕಾರನ್ನು ಈರಪ್ಪನ ಗ್ಯಾರೇಜಿನಲ್ಲಿ ಬಿಟ್ಟೆ. ಈರಪ್ಪ ನಮ್ಮ ಓಣಿಯ ಹುಡುಗನಾಗಿ ಬೆಳೆದವನು, ನನ್ನನ್ನು ಕಾಕಾ ಎಂದೇ ಕರೆಯುತ್ತಿದ್ದವನು. ಹಿಂದಿನ ಎರಡೂ ಗಾಲಿಗಳ ಡ್ರಮ್ ತೆಗೆದು, ಒಳಗಿನ ಲೈನರ್ ಪಟ್ಟಿಗಳನ್ನು ಬದಲಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಹೊಂದಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಕೇಳಿದಾಗಲೆಲ್ಲ ನಾಳೆ ಎಂದ. ಹಬ್ಬದ ಮುನ್ನಾದಿನಗಳಲ್ಲಿ ಅವನ ಗ್ಯಾರೇಜಿನ ಮುಂದೆ ಟ್ರ್ಯಾಕ್ಟರುಗಳ ಸಾಲೇ ಇತ್ತು. ನನ್ನ ಕಾರು ಇಟ್ಟಲ್ಲಿಯೇ ಧೂಳು ತಿನ್ನುತ್ತಿತ್ತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಧ್ಯಾಹ್ನ ಹೋದೆ. ನಮ್ಮ ಕಡೆ ಆ ಪೂಜೆಗೆ ಕುಳಿತ ಹತ್ಯಾರಗಳನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ. ಕಮ್ಮಾರನ ಸುತ್ತಿಗೆಯಾದರೂ ಅಷ್ಟೇ, ನಮ್ಮ ತಕ್ಕಡಿಯಾದರೂ ಅಷ್ಟೇ. ಈರಪ್ಪ ಹಿಂದಿನ ದಿನ ಸಂಜೆಯೇ ತನ್ನ ಹತ್ಯಾರಗಳನ್ನು ತೊಳೆದು, ಮಣೆಯ ಮೇಲೆ ಸಾಲಾಗಿ ಜೋಡಿಸಿ, ವಿಭೂತಿ ಕುಂಕುಮ ಹಚ್ಚಿದ್ದ. ನಡುವೆ ಮೂರು ಕಾಲಿನ ಒಂದು ಕಬ್ಬಿಣದ ಸಾಧನಕ್ಕೆ ಚೆಂಡುಹೂವಿನ ದಂಡೆ ಹಾಕಿತ್ತು. ಅದರ ಹೆಸರು ಪುಲ್ಲರ್, ಕಚ್ಚಿಕೊಂಡ ಡ್ರಮ್ಮನ್ನು ಎಳೆದು ತೆಗೆಯುವಂಥದ್ದು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಕಾರನ್ನು ತೊಳೆದು, ಮುಂದಿನ ಕನ್ನಡಿಗೆ ಮಾವಿನ ತೋರಣ ಕಟ್ಟಿದ್ದರು. ಡ್ರಮ್ ತೆಗೆದೆಯೇನು ಎಂದು ಕೇಳಿದೆ. ಈ ಪ್ರಶ್ನೆಯನ್ನು ನಾನು ಕೇಳಿದ್ದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

"ಎರಡೂ ಬಿಚ್ಚಿ ಹೊಸಾ ಲೈನರ್ ಹಾಕೇನ್ರಿ ಕಾಕಾ. ಹಿಡಿ ಜಗ್ಗಿ ನೋಡ್ರಿ" ಎಂದ ಈರಪ್ಪ.

ಎಳೆದೆ. ಮೊದಲು ತೋಳುದ್ದ ಬರುತ್ತಿದ್ದ ಹಿಡಿ ಈಗ ಟಿಕ್ ಟಿಕ್ ಎಂದು ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಸಮತಲವಾದ ಅವನ ಅಂಗಳದಲ್ಲಿ ಕಾರು ಅಲುಗಲಿಲ್ಲ. ನಾನು ತೃಪ್ತನಾದೆ. ಆಗ ಅವನು ಡಿಕ್ಕಿ ತೆರೆದು, ಗೋಣಿತಟ್ಟನ್ನು ಬಿಚ್ಚಿ, ಆ ಕಪ್ಪು ಕಲ್ಲನ್ನು ಎತ್ತಿ ಗಟಾರದ ಕಡೆಗೆ ಎಸೆದ.

"ಇನ್ನ ಈ ಗುಂಡು ಯಾಕ್ರಿ? ಎಲ್ಲಮ್ಮನ ಗುಡ್ಡದ ಮ್ಯಾಲೆ ನಿಲ್ಲಸ್ರಿ, ಒಂದ್ ಬಟ್ಟು ಸರದ್ರ ನನ್ನ ಮೀಸಿ ಬೋಳಸ್ರಿ."

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮರುದಿನ ಸವದತ್ತಿಯ ದಾರಿಯಲ್ಲಿ ಕಾರು ಚೆನ್ನಾಗಿಯೇ ನಡೆಯಿತು. ಕಾಲಿನ ಬ್ರೇಕು ಮುಂದಿನ ಗಾಲಿಗಳ ಬಲದಿಂದಲೇ ಹಿಡಿಯುತ್ತಿದ್ದುದರಿಂದ ಸಂಶಯಕ್ಕೆ ಕಾರಣವಿರಲಿಲ್ಲ. ಗಂಗವ್ವ ದಾರಿಯುದ್ದಕ್ಕೂ ತಮ್ಮನ ಮಕ್ಕಳ ಮಾತು ಆಡುತ್ತ ಬಂದಳು. ಓಣಿಯ ಏರಿನಲ್ಲಿ ಅವರ ಮನೆಯ ಮುಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದೆ. ಆ ಟಿಕ್ ಟಿಕ್ ಸದ್ದು ಗಂಗವ್ವನ ತಮ್ಮನಿಗೂ ಕೇಳಿಸಿತ್ತು. ಅವನು ಬಾಗಿಲಲ್ಲಿಯೇ ನಿಂತಿದ್ದ. ಕಾರು ನಿಂತಿತು. ನಾವು ಇಳಿದು, ಕಾಲಿಗೆ ನೀರು ತೆಗೆದುಕೊಂಡು, ಮಾತಾಡುತ್ತ ಅಂಗಳದಲ್ಲಿ ನಿಂತೆವು. ಅಷ್ಟು ಹೊತ್ತೂ ಅದು ನಿಂತೇ ಇತ್ತು. ಹೋಳಿಗೆಯ ಡಬ್ಬಿ ಉಳಿಯಿತೆಂದು ಗಂಗವ್ವ ಹಿಂದಕ್ಕೆ ಹೋಗಿ ಡಿಕ್ಕಿ ತೆರೆದಳು.

ಕಾರು ಸದ್ದಿಲ್ಲದೆ ಜಾರಿತು. ಅವಳ ಹಿಂದೆ, ಇಳಿಜಾರಿನ ಕಡೆ, ಓಣಿಗೆ ಚಾಚಿದ ಕೆಳಮನೆಯ ಕಲ್ಲಿನ ಕಟ್ಟೆಯಿತ್ತು. ನಾನು ಓಡಿ ಬಾಗಿಲು ತೆರೆಯುವುದರೊಳಗೆ ಅವಳ ಬಲಗಾಲು ಕಾರಿಗೂ ಕಟ್ಟೆಗೂ ನಡುವೆ ಸಿಕ್ಕಿತ್ತು. ಅವಳು ಕೂಗಲಿಲ್ಲ. "ತಗೀರಿ, ತಗೀರಿ" ಎಂದಷ್ಟೇ ಹೇಳುತ್ತಿದ್ದಳು, ಒಲೆಯ ಮೇಲಿನ ಹಾಲು ಉಕ್ಕುವಾಗ ಹೇಳುವ ಧ್ವನಿಯಲ್ಲಿ.

ಧಾರವಾಡದಲ್ಲಿ ಅವಳ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿ ತೆಗೆದರು. ನಾವು ಆಸ್ಪತ್ರೆಯಲ್ಲಿದ್ದಾಗಲೇ ಈರಪ್ಪ ಬೈಲಹೊಂಗಲದಲ್ಲಿ ತನ್ನ ಮಾತನ್ನು ಹರಡಿಯಾಗಿತ್ತು. ತಾನು ಕೆಲಸ ಪಕ್ಕಾ ಮಾಡಿಕೊಟ್ಟಿದ್ದೆ, ಕಾಕಾಗೆ ವಯಸ್ಸಾಯಿತು, ಹಬ್ಬದ ಗಡಿಬಿಡಿಯಲ್ಲಿ ಹಿಡಿ ಎಳೆಯುವುದನ್ನು ಮರೆತರು ಎಂದು. ನೋಡಲು ಬಂದವರು ಹಣ್ಣಿನ ಜೊತೆಗೆ ಈ ಮಾತನ್ನೂ ತಂದರು. ಗಂಗವ್ವನ ತಮ್ಮ ತಾನು ಸದ್ದು ಕೇಳಿದ್ದೆನೆಂದು ಹೇಳಿದರೆ, ಭಾವನ ಪರವಾಗಿ ಮತ್ತೇನು ಹೇಳಿಯಾನು ಎಂದು ನಕ್ಕರು.

ಅದನ್ನೆಲ್ಲ ಸಹಿಸಿದೆ. ಆದರೆ ಒಂದು ಸಂಜೆ ಗಂಗವ್ವನೇ ಗೋಡೆಯ ಕಡೆ ಮುಖ ಮಾಡಿ ಕೇಳಿದಳು: "ಖರೇ ಹೇಳ್ರಿ. ನಾ ಸಿಟ್ಟಾಗೂದಿಲ್ಲ. ಹಿಡಿ ಜಗ್ಗಿದ್ರಿಲ್ಲೋ?"

ಜಗ್ಗಿದ್ದೆ ಎಂದೆ. ಅವಳು ಹೂಂ ಎಂದಳು. ಆ ಹೂಂನಲ್ಲಿ ನಂಬಿಕೆ ಇರಲಿಲ್ಲ. ಎಳೆ ಹಿಡಿದು ದರ್ಜೆ ಹೇಳಿದವನಿಗೆ ಅಷ್ಟು ತಿಳಿಯದೇ? ಅಂದಿನಿಂದ ನನಗೆ ಬೇಕಾದದ್ದು ಒಂದೇ ಆಯಿತು: ಈರಪ್ಪ ಅವಳ ಮಂಚದ ಮುಂದೆ ನಿಂತು, ಡ್ರಮ್ ತೆಗೆದಿರಲಿಲ್ಲ ಎಂದು ಹೇಳಬೇಕು. ಪರಿಹಾರವನ್ನು ನಾನು ಕೇಳಲಿಲ್ಲ, ಶಿಕ್ಷೆಯನ್ನೂ ಕೇಳಲಿಲ್ಲ.

ಕಾರನ್ನು ಬೈಲಹೊಂಗಲಕ್ಕೆ ತರದೆ ಕಿತ್ತೂರಿಗೆ ಎಳೆಸಿಕೊಂಡು ಹೋಗಿ, ಪರಿಚಯವಿಲ್ಲದ ಮೇಸ್ತ್ರಿಯೊಬ್ಬನಿಂದ ಹಿಂದಿನ ಗಾಲಿಗಳನ್ನು ಬಿಚ್ಚಿಸಿದೆ. ಪಕ್ಕದಲ್ಲಿಯೇ ನಿಂತು ನೋಡಿದೆ. ಡ್ರಮ್ಮಿನ ಸ್ಕ್ರೂಗಳ ಮೇಲೆ ಹಳೆಯ ಬಣ್ಣ ಒಂದು ಗೀರೂ ಇಲ್ಲದೆ ಹಾಗೇ ಇತ್ತು. ಜಂಗು ತಿಂದು ಕಚ್ಚಿಕೊಂಡಿದ್ದ ಡ್ರಮ್ಮುಗಳು ಪುಲ್ಲರ್ ಹಾಕಿದ ಮೇಲೆಯೇ ಕಳಚಿದವು. ಒಳಗೆ ಪಟ್ಟಿಗಳು ಸವೆದು ತಗಡಾಗಿದ್ದವು, ಮೇಲಾಗಿ ಆಕ್ಸಲ್ಲಿನಿಂದ ಸೋರಿದ ಎಣ್ಣೆಯಲ್ಲಿ ನೆನೆದಿದ್ದವು. ಕಾರಿನ ಕೆಳಗೆ ಹ್ಯಾಂಡ್‌ಬ್ರೇಕಿನ ಕೇಬಲ್ಲಿನ ನಟ್ಟು ಮಾತ್ರ ಕೊನೆಯ ತನಕ ಬಿಗಿಯಾಗಿತ್ತು. ಅದರ ಮೇಲೆ ನಟ್ಟು ತಿರುಗಿಸುವ ಪಾನಾದ ಹೊಸ ಗುರುತು ಹೊಳೆಯುತ್ತಿತ್ತು. ಕೇಬಲ್ಲನ್ನಷ್ಟೇ ಬಿಗಿದರೆ ಹಿಡಿ ಕೈಗೆ ಗಟ್ಟಿಯಾಗಿ ಸಿಗುತ್ತದೆ, ಗಾಲಿಗೆ ಏನೂ ಸಿಗುವುದಿಲ್ಲ. ಎಣ್ಣೆ ಹತ್ತಿದ ಪಟ್ಟಿ ತುಸು ಹೊತ್ತು ಹಿಡಿದಂತೆ ಮಾಡಿ, ಡಿಕ್ಕಿಯ ಮುಚ್ಚಳ ಎತ್ತಿದಷ್ಟು ಅಲುಗಾಟಕ್ಕೆ ಬಿಟ್ಟುಬಿಡುತ್ತದೆ.

ಇದನ್ನು ಹಿರಿಯರ ಮುಂದೆ ಬಂದು ಹೇಳೆಂದು ಆ ಮೇಸ್ತ್ರಿಯನ್ನು ಕೇಳಿಕೊಂಡೆ. ಅವನು ಕೈ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡಿದ. "ನಾಳೆ ನನ್ನ ಕೈಯಾಗೂ ಒಂದು ತಪ್ಪು ಆಗೂದೈತ್ರಿ ಯಜಮಾನ್ರ. ನನ್ನ ಹೆಸರು ತಗೀಬ್ಯಾಡ್ರಿ."

ಈರಪ್ಪನ ಗ್ಯಾರೇಜಿನ ಪಕ್ಕದ ಪಂಕ್ಚರ್ ಅಂಗಡಿಯ ಮೌಲಾಸಾಬ್ ಮಾತ್ರ ಉಳಿದದ್ದನ್ನು ಹೇಳಿದ. ಖಂಡೇಪೂಜೆಯ ಬೆಳಿಗ್ಗೆ ಈರಪ್ಪ ಅವನಲ್ಲಿಗೆ ಬಂದು ಒಂದು ಪಾನಾ ಕೇಳಿದ್ದನಂತೆ. "ಅವನ ಸಾಮಾನೆಲ್ಲಾ ದೇವರ ಮುಂದ ಕುಂತಿದ್ವಲ್ರಿ. ನನ್ನ ಪಾನಾ ಒಯ್ದು ನಿಮ್ಮ ಗಾಡಿ ಬುಡಕ ಹೊಕ್ಕ. ಬೀಡಿ ಆರೂದ್ರೊಳಗ ಹೊರಗ ಬಂದ."

ಅಷ್ಟೇ ಸಂಗತಿ. ಪುಲ್ಲರ್ ಹೂವು ಮುಡಿದು ಕುಳಿತಿತ್ತು. ಅದನ್ನು ಎತ್ತಬಾರದು. ಕಾರನ್ನು ಕೊಡಲೇಬೇಕು. ಎರವಲು ತಂದ ಪಾನಾದಿಂದ ಒಂದು ನಟ್ಟು ತಿರುವಿ, ಬಾಯಿಂದ ಎರಡು ಡ್ರಮ್ ಬಿಚ್ಚಿದ.

ಹಿರಿಯರ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಸವೆದ ಪಟ್ಟಿಗಳನ್ನು ಅವರ ಮುಂದಿಟ್ಟೆ. ಒಬ್ಬರು ಅವುಗಳನ್ನು ಮುಟ್ಟಿಯೂ ನೋಡದೆ, ಈ ಪಟ್ಟಿ ಯಾವ ಗಾಡಿಯದೋ ಯಾರು ಬಲ್ಲರು ಎಂದರು. ಇನ್ನೊಬ್ಬರು, ಹಬ್ಬದ ದಿನ ಕಲ್ಲನ್ನಾದರೂ ಇಡಬೇಕಿತ್ತು ಎಂದರು. ಕಲ್ಲನ್ನು ಎಸೆದವನು ಅವರ ಬಲಕ್ಕೇ ಕುಳಿತಿದ್ದ.

ಮರುವರ್ಷ ಬನ್ನಿಯ ಸಂಜೆ ಈರಪ್ಪ ಅದೇ ಹಿರಿಯರೊಡನೆ ನಮ್ಮ ಮನೆಗೆ ಬಂದ. ಬನ್ನಿ ಕೊಟ್ಟು ತೆಗೆದುಕೊಂಡರೆ ಹಳೆಯ ಮುನಿಸು ಮುಗಿಯಬೇಕೆಂಬುದು ನಮ್ಮಲ್ಲಿಯ ರೂಢಿ. ಎಲೆ ಹಿಡಿದ ಕೈಯನ್ನು ಮುಂದೆ ಚಾಚಿ, "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ" ಎಂದ. ಮೊದಲು ಒಳಗೆ ಹೋಗಿ ಆ ಒಂದು ಮಾತು ಹೇಳು, ಆಮೇಲೆ ಕೈ ಚಾಚುತ್ತೇನೆ ಎಂದೆ. ಅವನು ನೆಲ ನೋಡಿದ. ಹಿರಿಯರು ನನ್ನನ್ನು ಕಲ್ಲೆದೆಯವನು ಎಂದರು.

ಒಳಗಿನಿಂದ ಗಂಗವ್ವ ಕೂಗಿದಳು: "ಎದ್ದು ಬರಾಕಾಗೂದಿಲ್ಲಪಾ ಈರಪ್ಪಾ, ಇಲ್ಲೇ ಬಂದು ಕೊಡು."

ಅವನು ಹೋದ. ಬನ್ನಿ ಕೊಟ್ಟ. ಅವಳ ಒಂದೇ ಪಾದ ಮುಟ್ಟಿ ನಮಸ್ಕರಿಸಿದ. ನಾನು ಬಾಗಿಲಲ್ಲಿ ನಿಂತು ಕಾದೆ. ಅವನು ಹೇಳಲಿಲ್ಲ. ಅವರೆಲ್ಲ ಹೋದ ಮೇಲೆ ಅವಳು ನನ್ನನ್ನು ನೋಡಿ, "ನನ್ನ ಕಾಲಿಗಿಂತ ನಿಮ್ಮ ಮಾತು ದೊಡ್ಡದಾತೇನ್ರಿ?" ಎಂದಳು.

2004ರಲ್ಲಿ ಗಂಗವ್ವ ತೀರಿಕೊಂಡಳು. ನಾನು ಹಿಡಿ ಎಳೆದಿದ್ದೆನೆಂದು ಅವಳು ನಂಬಿ ಹೋದಳೋ, ನನ್ನನ್ನು ಕ್ಷಮಿಸಿ ಹೋದಳೋ ತಿಳಿಯದು. ಮಾಡದ ತಪ್ಪಿಗೆ ಕ್ಷಮೆ ಪಡೆದು ಬದುಕುವುದು ಎಂಥದೆಂದು ಅನುಭವಿಸಿದವನಿಗೇ ಗೊತ್ತು.

ಈರಪ್ಪ ಈಗಲೂ ಪ್ರತಿ ವರ್ಷ ಖಂಡೇಪೂಜೆ ಮಾಡುತ್ತಾನೆ. ಆ ಪುಲ್ಲರ್ ಈಗಲೂ ನಡುವೆ ಹೂವು ಮುಡಿದು ಕುಳಿತಿರುತ್ತದೆ. ಅವನನ್ನೂ, ಅಂದು ಅವನ ಎಡಬಲಕ್ಕೆ ಕುಳಿತಿದ್ದ ಹಿರಿಯರನ್ನೂ ನಾನು ಇಷ್ಟೇ ಕೇಳುತ್ತೇನೆ: ದೇವರ ಮುಂದಿಟ್ಟ ಕಬ್ಬಿಣವನ್ನು ಎತ್ತಲು ಅಷ್ಟು ಹೆದರಿದ ಕೈ, ನನ್ನ ಡಿಕ್ಕಿಯಲ್ಲಿದ್ದ ಕಲ್ಲನ್ನು ಎತ್ತಿ ಎಸೆಯಲು ಏಕೆ ಹೆದರಲಿಲ್ಲ?