ನನ್ನ ಹೊಟ್ಟೆಕಿಚ್ಚಿನ ಭೂಗೋಳ

ನಮ್ಮ ಜಮಖಂಡಿಯಲ್ಲಿ ಸಕ್ಕರೆ ರೋಗದವರಷ್ಟು ಸುಖಿಗಳನ್ನು ನಾನು ಕಂಡಿಲ್ಲ. ಸಂಜೆಯಾದರೆ ಸಾಕು, ಚಹಾದಂಗಡಿಯ ಬಾಕಿನ ಮೇಲೆ ಸಾಲಾಗಿ ಕೂತು, ಸಕ್ಕರೆಯಿಲ್ಲದ ಚಹಾ ಹೀರುತ್ತ, ಒಬ್ಬರ ಗುಳಿಗೆಯನ್ನು ಇನ್ನೊಬ್ಬರ ಗುಳಿಗೆಯೊಡನೆ ಹೋಲಿಸುತ್ತ, ಹಾಗಲಕಾಯಿಯ ಗುಣಗಾನ ಮಾಡುತ್ತ ಅವರು ಹೊತ್ತು ಕಳೆಯುವುದನ್ನು ನೋಡಿದರೆ, ಅದು ರೋಗವೋ ಸಂಘವೋ ಎಂಬ ಸಂಶಯ ಬರುತ್ತದೆ. ನಾನು ಅವರನ್ನು ದೂರದಿಂದ ನೋಡಿ ಕರುಬುತ್ತಿದ್ದೆ. ಏಕೆಂದರೆ ಎಂಬತ್ತರ ದಶಕದ ಆ ದಿನಗಳಲ್ಲಿ ನನಗೆ ಬಂದಿದ್ದ ರೋಗಕ್ಕೆ ನಾನೊಬ್ಬನೇ ಸದಸ್ಯ.

ಆಗ ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಒಂದು ಮಳೆಗಾಲ ನನಗೂ ಮಗ್ಗುಲ ಮನೆಯ ಪರಪ್ಪನಿಗೂ ಒಟ್ಟಿಗೇ ಕಣ್ಣು ಹಳದಿಯಾಯಿತು. ಅವನದು ಎಲ್ಲರಿಗೂ ಗೊತ್ತಿರುವ ಕಾಮಾಲೆ. ಊರೆಲ್ಲ ಬಂದು ಅವನ ಮಂಚದ ಮೇಲೆ ಕೂತಿತು, ಕಬ್ಬಿನ ಹಾಲು ಕುಡಿಸಿತು. ಅವನು ಎದ್ದು ಓಡಾಡಿದ. ನಾನು ಏಳಲಿಲ್ಲ. ಕೀಲುಗಳೆಲ್ಲ ನೋಯುತ್ತಿದ್ದವು. ಮಾಸ್ತರರು ಗುಟ್ಟಾಗಿ ಕುಡಿಯುತ್ತಾರೆಂಬ ಮಾತೂ ಹುಟ್ಟಿತು. ಕೊನೆಗೆ ಮಿರಜಿನ ಡಾಕ್ಟರರು ಸೂಜಿಯಿಂದ ನನ್ನ ಯಕೃತ್ತಿನ ಚೂರೊಂದನ್ನು ತೆಗೆದು ಮುಂಬಯಿಗೆ ಕಳಿಸಿ, ದೇಹದ ಕಾವಲುಗಾರರೇ ತಿರುಗಿಬಿದ್ದು ಯಕೃತ್ತನ್ನು ಸುಡುತ್ತಿದ್ದಾರೆಂದು ವಿವರಿಸಿದರು. ಅಂದರೆ ನನಗಿದ್ದದ್ದು ಅಕ್ಷರಶಃ ಹೊಟ್ಟೆಕಿಚ್ಚು.

ಇದು ಬಿಳಿಯರ ನಾಡುಗಳಲ್ಲಿ ಹೆಚ್ಚು, ಅಲ್ಲಿಯೂ ಹೆಂಗಸರಲ್ಲಿ ಹೆಚ್ಚು ಎಂದು ಪುಸ್ತಕಗಳು ಹೇಳುತ್ತವಂತೆ. ಯಾವ ದೇಶದಲ್ಲಿ ಏನು ಬೆಳೆಯುತ್ತದೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನನ್ನ ಹೊಟ್ಟೆಯಲ್ಲೇ ಪರದೇಶದ ಬೆಳೆ ಬಂದಿತ್ತು. ನೋಡಲು ಬಂದವರು ರೋಗದ ಹೆಸರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಆಮೇಲೆ ಅವರಿಗೆ ಆಡಲು ಮಾತೇ ಇರುತ್ತಿರಲಿಲ್ಲ. ತಮ್ಮ ಸೋದರಮಾವನಿಗೂ ಹೀಗೇ ಆಗಿತ್ತೆಂದು ಹೇಳುವ ಒಬ್ಬನೂ ಸಿಗಲಿಲ್ಲ. ಪರಪ್ಪ ಆರಾಮಾಗಿ ಕರಿದ ಮಿರ್ಚಿ ತಿನ್ನುವುದನ್ನು ಕಿಟಕಿಯಿಂದ ನೋಡುತ್ತ ನಾನು ಗುಳಿಗೆ ನುಂಗುತ್ತಿದ್ದೆ. ಆ ಗುಳಿಗೆಯಿಂದಲೇ ಮುಖ ಊದಿಕೊಂಡು ದುಂಡಗಾಯಿತು. ಹುಡುಗರು ಹಿಂದಿನಿಂದ ಕುಂಬಳಕಾಯಿ ಎನ್ನತೊಡಗಿದರು.

ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ. ಊತ ಇಳಿದು, ನಾನು ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ ನನ್ನ ಏಕಾಂತವೇ ಒಂದು ಪದವಿಯಾಯಿತು. ಈ ಸೀಮೆಗೆಲ್ಲ ನಾನೊಬ್ಬನೇ ಎನ್ನುವಾಗ ದನಿಯಲ್ಲಿ ತುಸು ಗತ್ತು ಸೇರುತ್ತಿತ್ತು.

ಆ ಗತ್ತಿಗೆ ಪೆಟ್ಟು ಬಿದ್ದದ್ದು ಮಿರಜಿನಲ್ಲಿಯೇ. ಒಮ್ಮೆ ತಪಾಸಣೆಗೆ ಹೋದಾಗ ಡಾಕ್ಟರರ ಎದುರು ಬನಹಟ್ಟಿಯ ನೇಕಾರನೊಬ್ಬ ಕೂತಿದ್ದ. ಅವನ ಹೆಂಡತಿ ನೀಲವ್ವನಿಗೂ ನನ್ನದೇ ಬೇನೆಯಂತೆ. ಅದನ್ನು ಕೇಳಿ ನನಗಾದದ್ದು ಕನಿಕರವಲ್ಲ. ಮೀಸಲು ಸೀಟಿನಲ್ಲಿ ಬೇರೆ ಯಾರೋ ಕೂತಿದ್ದನ್ನು ಕಂಡ ಪ್ರಯಾಣಿಕನ ಸಿಟ್ಟು. ಇದು ನಮ್ಮ ಕಡೆ ಅಪರೂಪವೆಂದು ನೀವೇ ಹೇಳಿದ್ದಿರಲ್ಲ ಎಂದೆ.

“ಪುಸ್ತಕದಾಗ ಹಂಗೈತಿ ಮಾಸ್ತರ,” ಎಂದರು ಡಾಕ್ಟರರು. “ಆದರ ನಮ್ಮ ಮಂದ್ಯಾಗ ಹುಡುಕಿದವರು ಯಾರದಾರ? ಕಣ್ಣು ಹಳದಿ ಆತು, ಗಿಡದ ತಪ್ಪಲದ ರಸ ಕುಡದ್ರು, ಸತ್ರು. ಅವರು ಯಾವ ಲೆಕ್ಕಕ್ಕೂ ಬರೂದಿಲ್ಲ.”

ನನಗೆ ಹುನ್ನೂರಿನ ಸೋದರತ್ತೆ ನೆನಪಾದಳು. ಮತ್ತೆ ಮತ್ತೆ ಕಣ್ಣು ಹಳದಿಯಾಗಿ, ಕೀಲು ಹಿಡಿದು, ಮೂವತ್ತು ತುಂಬುವ ಮೊದಲೇ ಹೋದವಳು. ಅವಳದು ಏನಿತ್ತೋ ಯಾರಿಗೆ ಗೊತ್ತು? ನಾನು ಮೊದಲಿಗನೆಂಬ ಹೆಮ್ಮೆ ಅಲ್ಲಿಯೇ ಕುಸಿಯಿತು.

ನೀಲವ್ವ ಮುಖ ಊದಿತೆಂದು ಗುಳಿಗೆ ಬಿಟ್ಟಿದ್ದಳಂತೆ. ಹೀಗೆ ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಗಂಡನ ಮಾತೂ ನನ್ನ ಮಾತೂ ನಡೆಯುತ್ತಿಲ್ಲ, ನೀವೊಮ್ಮೆ ಹೋಗಿ ಹೇಳಿ ಎಂದು ಡಾಕ್ಟರರು ಕೇಳಿಕೊಂಡರು. ಒಲ್ಲದ ಮನಸ್ಸಿನಿಂದಲೇ ಆ ಗಂಡನ ಜೊತೆ ಬನಹಟ್ಟಿಯ ಬಸ್ಸು ಹತ್ತಿದೆ.

ಮಾತು ಕೇಳಿಸಲೆಂದು ಅವನು ಮಗ್ಗಗಳನ್ನು ನಿಲ್ಲಿಸಿದ. ಸೆರಗಿನಿಂದ ಮುಖ ಮರೆಸಿಕೊಂಡು ಗೋಡೆಗೆ ಒರಗಿದ್ದ ನೀಲವ್ವ ನನ್ನನ್ನು ಬಹಳ ಹೊತ್ತು ನೋಡಿದಳು.

“ನಿಮ್ಮ ಮಾರಿನೂ ಹಿಂಗ ಉಬ್ಬಿತ್ತೇನ್ರಿ?”

“ಉಬ್ಬಿತ್ತವ್ವಾ. ಸಾಲಿ ಹುಡುಗರು ಕುಂಬಳಕಾಯಿ ಅಂತಿದ್ರು.”

ಅವಳು ಸೆರಗು ಸರಿಸಿದಳು. “ಮತ್ತ ಹೆಂಗ ಇಳೀತ್ರಿ?”

“ಡಾಕ್ಟರು ಗುಳಗಿ ಕಡಿಮಿ ಮಾಡ್ಕೋತ ಬಂದಂಗ ಇಳೀತು. ನಾನಽ ಬಿಟ್ಟಿದ್ರ ಇವತ್ತು ನಿನ್ನ ಮುಂದ ಕುಂದ್ರತಿದ್ದಿಲ್ಲ.”

ಅವಳು ಇನ್ನೂ ಏನೇನೋ ಕೇಳಿದಳು: ತುರಿಕೆ ಹೋಗುತ್ತದೆಯೇ, ಹಸಿವು ಮರಳುತ್ತದೆಯೇ, ಇದು ಯಾವ ಪಾಪದ ಫಲ ಎಂದೆಲ್ಲ. ನನ್ನನ್ನು ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆಗಳು ಅವು, ತಿಳಿದಷ್ಟು ಹೇಳಿದೆ. ಕಡೆಗೆ ಅವಳು ನೀರು ತರಿಸಿ ನನ್ನೆದುರೇ ಗುಳಿಗೆ ನುಂಗಿದಳು. ಮರಳಿ ಬರುವಾಗ ಬಸ್ಸಿನಲ್ಲಿ ಮತ್ತೆ ಹೊಟ್ಟೆ ಉರಿಯಿತು. ಅವಳಿಗೆ ಕೇಳಲು ನಾನಿದ್ದೆ. ನನಗೆ ಯಾರಿದ್ದರು?

ನೀಲವ್ವ ಚೇತರಿಸಿಕೊಂಡಳು, ಮತ್ತೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತತೊಡಗಿದಳು. ತಪಾಸಣೆಗೆ ನಾವಿಬ್ಬರೂ ಮಿರಜಿಗೆ ಒಂದೇ ದಿನ ಹೋಗುವ ರೂಢಿ ಬೆಳೆಯಿತು. ದಾರಿಯುದ್ದಕ್ಕೂ ನಾವು ಗುಳಿಗೆಗಳನ್ನು ಹೋಲಿಸುತ್ತಿದ್ದೆವು.

ಹೀಗಿರುವಾಗ ಒಂದು ದಿನ ಅವಳ ಗಂಡ ಬಂದು, ಮುಧೋಳದಲ್ಲಿ ಒಬ್ಬ ಹುಡುಗಿಗೆ ಇದೇ ಬೇನೆಯೆಂದೂ, ಡಾಕ್ಟರರು ಹೇಳಿದ ಮೇಲೆ ನೀಲವ್ವ ಅವಳನ್ನು ಕಂಡು ಧೈರ್ಯ ಹೇಳಿ ಬಂದಳೆಂದೂ ಸಂತೋಷದಿಂದ ತಿಳಿಸಿದ. ಅವನು ಹೋದ ಮೇಲೆ ನಾನು ಮುಖ ಗಂಟಿಕ್ಕಿ ಕೂತೆ. ಹಿರಿಯ ರೋಗಿ ನಾನಿರುವಾಗ ಡಾಕ್ಟರರು ಅವಳನ್ನೇಕೆ ಕಳಿಸಿದರೆಂದು ಹೆಂಡತಿಯೆದುರು ಗೊಣಗಿದೆ.

“ಹೆಣ್ಮಕ್ಕಳದು ಹೆಣ್ಮಕ್ಕಳಿಗೆ ತಿಳೀತೈತಿ,” ಎಂದಳು ಅವಳು, ಅಕ್ಕಿ ಆರಿಸುತ್ತಲೇ. “ಅದಿರ್ಲಿ, ಇವತ್ತಿಂದು ಗುಳಗಿ ತಗೊಂಡ್ರೇನು?”

ತೆಗೆದುಕೊಂಡಿರಲಿಲ್ಲ. ಎದ್ದು ಒಳಗೆ ಹೋದೆ.