ಬೋರ್ಡಿನ ಸೊನ್ನೆ, ಬಸಣ್ಣನ ಟವೆಲ್

2019ರಲ್ಲಿ ನಾನು ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ವಾಡಿ ಮತ್ತು ಚಿತ್ತಾಪುರದ ನಡುವಿನ ಸುಣ್ಣಕಲ್ಲಿನ ಕ್ರಷರ್ ಒಂದಕ್ಕೆ ನಮ್ಮ ಬೋರ್ಡು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸೇಡಂನವನೇ. ಊರ ಕಡೆಯ ಕೆಲಸ ಎಂಬ ಹುಮ್ಮಸ್ಸಿತ್ತು. ನನಗಿಂತ ಬಲ್ಲವರಿಲ್ಲ ಎಂಬ ಜಂಬವೂ ಇತ್ತು.

ರಿಪೇರಿಗೆಂದು ಕ್ರಷರ್ ನಿಲ್ಲಿಸಿದಾಗ ಫಿಟ್ಟರ್‌ಗಳು ಮುಂದಿನ, ಹಿಂದಿನ ಎರಡು ಬಾಗಿಲುಗಳಿಂದ ಒಳಗಿಳಿಯುತ್ತಾರೆ. ಒಳಗೆ ಒಬ್ಬನಿದ್ದಾಗ ಅದು ಚಾಲೂ ಆದರೆ ಮೂಳೆಯೂ ಸಿಗುವುದಿಲ್ಲ. ಬಾಗಿಲುಗಳ ಸೆನ್ಸರ್ ನೋಡಿ ಒಳಗೆ ಎಷ್ಟು ಜನರೆಂದು ಎಣಿಸುವುದು, ಸೊನ್ನೆ ಬರುವತನಕ ಸ್ಟಾರ್ಟರ್‌ಗೆ ಕರೆಂಟ್ ಬಿಡದಿರುವುದು ನಮ್ಮ ಬೋರ್ಡಿನ ಕೆಲಸ. ಅದಕ್ಕೂ ಮೊದಲು ಅಲ್ಲೊಂದು ಪದ್ಧತಿಯಿತ್ತು. ಒಳಗೆ ಹೋಗುವವನು ತನ್ನ ಟವೆಲನ್ನು ಸ್ಟಾರ್ಟರ್ ಹಿಡಿಕೆಗೆ ಕಟ್ಟುತ್ತಿದ್ದ. ಬಂದು ತಾನೇ ಬಿಚ್ಚುವವರೆಗೆ ಅದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಗ್ರೀಸು ಮೆತ್ತಿದ ಆ ಟವೆಲುಗಳನ್ನು ಕಂಡು ನನಗೆ ನಗು ಬಂತು. ಇನ್ನು ಇವೆಲ್ಲ ಬೇಡವೆಂದು ಬಿಚ್ಚಿಸಿದೆ.

"ಸಾಹೇಬ್ರು ಹೇಳ್ಯಾರಂದ್ರ ಮುಗೀತು" ಎಂದು ಹಿರಿಯ ಫಿಟ್ಟರ್ ಬಸಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡ. ಬೋರ್ಡಿನ ಪರೀಕ್ಷೆಗೆಂದು ನಾನೊಬ್ಬನೇ ನೂರು ಸಲ ಒಳಹೊಕ್ಕು ಹೊರಬಂದಿದ್ದೆ. ಒಮ್ಮೆಯೂ ಲೆಕ್ಕ ತಪ್ಪಿರಲಿಲ್ಲ.

ಮೂರನೇ ವಾರದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಚಹಾದ ಹೊತ್ತು. ಕ್ಯಾಂಟೀನಿನ ಶರಣಮ್ಮ ಸ್ಟಾರ್ಟರ್ ಪಕ್ಕದಲ್ಲೇ ನಿಂತು ಕಪ್ಪುಗಳಿಗೆ ಛಾ ಸುರಿಯುತ್ತಿದ್ದಳು. ರಿಪೇರಿ ಮುಗಿದಿತ್ತು. ಕೊನೆಯವನಾಗಿ ಫಿಟ್ಟರ್ ರಶೀದ್ ಮುಂದಿನ ಬಾಗಿಲಿನಿಂದ ಹೊರಬಂದ. ಬೋರ್ಡಿನಲ್ಲಿ ಸೊನ್ನೆ. ಹೊರಗೆ ಲಾರಿಗಳು ಸಾಲುಗಟ್ಟಿದ್ದವು. "ಚಾಲೂ ಮಾಡ್ರಿ" ಎಂದವನು ನಾನೇ. ಆಪರೇಟರ್ ಹಿಡಿಕೆಗೆ ಕೈ ಹಾಕಿದ.

"ನಿಂದ್ರಿ!" ಶರಣಮ್ಮ ಕೂಗಿದಳು. "ಬಸಣ್ಣಂದು ಛಾ ಹಂಗೇ ಅದ."

"ಬೋರ್ಡ್ ನೋಡವ್ವ. ಒಳಗ ಯಾರೂ ಇಲ್ಲ" ಎಂದೆ, ಸಿಡುಕಿನಿಂದಲೇ.

"ನಿಮ್ಮ ಬೋರ್ಡಿಗಿ ನಾ ಛಾ ಹಾಕಿಲ್ರೀ! ಸಕ್ರಿ ಇಲ್ಲದ್ದು ಬಸಣ್ಣಗ ಹಾಕೀನಿ. ಎಲ್ಲಿ ಅದಾನ ಅವ?"

ಆಪರೇಟರ್ ಕೈ ಹಿಂದಕ್ಕೆಳೆದುಕೊಂಡ. ರಶೀದ್ ಹಿಂದಿನ ಬಾಗಿಲಿಗೆ ಓಡಿ ಹೆಸರು ಹಿಡಿದು ಕೂಗಿದ. ಒಳಗಿನಿಂದ ಬಸಣ್ಣನ ದನಿ ಬಂತು, "ಪಾನಾ ಮರ್ತಿದ್ದೆ, ಬರಾಕತ್ತೀನಿ!"

ಬಸಣ್ಣ ಮರೆತ ಸ್ಪ್ಯಾನರ್ ಹಿಡಿದು ಹೊರಬಂದಾಗ ಬೋರ್ಡು 255 ತೋರಿಸಿತು. ಸೊನ್ನೆಯಲ್ಲಿ ಒಂದು ಕಳೆ ಎಂದರೆ, ಮೈನಸ್ ಅರಿಯದ ಆ ಎಂಟು ಬಿಟ್ ಪ್ರೊಸೆಸರ್ ಹಿಂದಕ್ಕೆ ಸುತ್ತಿ ತನ್ನ ಅತಿ ದೊಡ್ಡ ಅಂಕಿಯಾದ ಅದನ್ನೇ ಹೇಳುತ್ತದೆ. ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಎರಡು ದಿನ ಹುಡುಕಿ ತಪ್ಪು ಹಿಡಿದೆ. ದೊಡ್ಡ ಪ್ರೊಸೆಸರ್‌ಗಳಲ್ಲಿ ಮೆಮೊರಿಯ ಅಂಕಿಯನ್ನು ಒಂದೇ ಏಟಿಗೆ ಬದಲಿಸುವ ಅಟಾಮಿಕ್ ಸೂಚನೆಗಳಿರುತ್ತವೆ. ನಡುವೆ ಯಾರೂ ಕೈ ಹಾಕಲಾಗದು. ನಮ್ಮ ಅಗ್ಗದ ಚಿಪ್ಪಿನಲ್ಲಿ ಅದಿಲ್ಲ. ಅದು ಅಂಕಿಯನ್ನು ಓದಬೇಕು, ಬದಲಿಸಬೇಕು, ಮತ್ತೆ ಬರೆಯಬೇಕು. ರಶೀದ್ ಹೊರಬಂದಾಗ ಪ್ರೋಗ್ರಾಂ 1 ಎಂದು ಓದಿ, ಕಳೆದು, ಸೊನ್ನೆ ಬರೆಯಲು ಹೊರಟಿತ್ತು. ಅದೇ ಗಳಿಗೆಗೆ ಬಸಣ್ಣ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಹೋದ. ಆ ಬಾಗಿಲಿನ ಇಂಟರಪ್ಟ್, ಅಂದರೆ ಕೆಲಸ ತಡೆದು ನುಗ್ಗುವ ತುರ್ತು ಕರೆ, ಅಂಕಿಯನ್ನು 2 ಮಾಡಿ ಹೋಯಿತು. ನಿಂತಿದ್ದ ಪ್ರೋಗ್ರಾಂ ಎದ್ದು ಅದರ ಮೇಲೆ ತನ್ನ ಹಳೆಯ ಸೊನ್ನೆಯನ್ನೇ ಬರೆಯಿತು. ಬಸಣ್ಣ ಲೆಕ್ಕದಿಂದಲೇ ಅಳಿಸಿಹೋದ. ಇಬ್ಬರು ಏಕಕಾಲಕ್ಕೆ ಎರಡು ಬಾಗಿಲು ದಾಟಿದರಷ್ಟೇ ಆಗುವ ತಪ್ಪಿದು; ಒಬ್ಬನೇ ನೂರಲ್ಲ, ಲಕ್ಷ ಸಲ ಓಡಾಡಿದ್ದರೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಪರಿಹಾರ ಎರಡು ಸಾಲಿನದು. ಓದು, ಬದಲಿಸು, ಬರೆ ಎಂಬ ಮೂರು ಹೆಜ್ಜೆ ಶುರುವಾಗುವ ಮುನ್ನ ಇಂಟರಪ್ಟ್‌ಗಳನ್ನು ತಡೆಯುವುದು, ಮುಗಿದೊಡನೆ ಬಿಡುವುದು.

"ಈಗೇನ್ ಮಾಡಿದ್ರಿ?" ಬಸಣ್ಣ ಕೇಳಿದ.

"ಒಬ್ಬರ ಲೆಕ್ಕ ಮುಗಿಯೋತನ ಇನ್ನೊಬ್ಬರು ಮುಟ್ಟಂಗಿಲ್ಲ, ಹಂಗ ಮಾಡೀನಿ."

"ಅಂದ್ರ ಟವೆಲ್ ಕಟ್ಟಿದ್ರಿ, ಅನ್ರಿ."

ಅವನ ಹೆಗಲಿನ ಟವೆಲ್ ಇಸಿದುಕೊಂಡು ನಾನೇ ಹಿಡಿಕೆಗೆ ಕಟ್ಟಿದೆ. ನಾನು ಬರೆದ ಮ್ಯಾನುಯಲ್‌ಗಳಲ್ಲಿ ಅಂದಿನಿಂದ ಮೊದಲ ನಿಯಮ ಅದೇ: ಬೋರ್ಡು ಏನೇ ಹೇಳಲಿ, ಒಳಗೆ ಹೋಗುವವರು ಟವೆಲ್ ಕಟ್ಟಬೇಕು.

ಹಳೆಯ ಕಾವಲನ್ನು ತೆಗೆಯುವ ಮುನ್ನ ಅದು ಯಾರನ್ನು ಕಾಯುತ್ತಿದೆ ಎಂದು ಕೇಳಬೇಕು. ನಾನು ಕೇಳಿರಲಿಲ್ಲ. ಶರಣಮ್ಮ ಕೇಳಿದಳು, ಅದಕ್ಕೇ ಬಸಣ್ಣ ಇವತ್ತಿಗೂ ಸಕ್ಕರೆಯಿಲ್ಲದ ಛಾ ಕುಡಿಯುತ್ತಿದ್ದಾನೆ.