ಇಲಿ ತಿಂದ ಕ್ಲೈಮ್ಯಾಕ್ಸ್

ಕಳೆದ ವಾರ ಅಳಿಯ ಮೊಬೈಲಿನಲ್ಲಿ ಒಂದು ಹಳೇ ಅಮೆರಿಕನ್ ಮೂಕಿ ಕಾಮಿಡಿ ತೋರಿಸಿದ. ಬಡಕಲು ಹುಡುಗನೊಬ್ಬ ತಾನು ಮೆಚ್ಚಿದ ಹುಡುಗಿಯ ಕಿಟಕಿಗೆ ಏಣಿ ಹಾಕಿ ಹತ್ತುತ್ತಿದ್ದ. ಈಗ ಆಡು ಬಂದು ಏಣಿ ಕೆಡವುತ್ತದೆ ನೋಡು ಅಂದೆ. ಕೆಡವಿತು! ಅಳಿಯ ನನ್ನ ಮುಖ ನೋಡಿದ.

ಕೊನೆಗೆ ಪರದೆ ಕಪ್ಪಾಯಿತು. ಮುಂದಿನ ಭಾಗ ಜಗತ್ತಿನಲ್ಲಿ ಎಲ್ಲೂ ಸಿಕ್ಕಿಲ್ಲ ಎಂದು ಬರೆದಿತ್ತು. ಎಲ್ಲೂ ಅಂದರೆ? ನಮ್ಮ ಜತ್ತ ತಾಲೂಕಿನಲ್ಲಿ ವಿಚಾರಿಸಿದ್ದರೇ?

ಅರವತ್ತರ ದಶಕದ ತಿಕೋಂಡಿ, ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಕನ್ನಡದ ಊರು. ಕುರಿ ಸಾಕುವ ಮಲ್ಲಪ್ಪ ಕಾಕಾ ಎಲ್ಲಿಂದಲೋ ಒಂದು ಹಳೇ ಪ್ರೊಜೆಕ್ಟರ್ ತಂದಿದ್ದರು. ಜೊತೆಗೆ ಇದೊಂದೇ ಸಿನಿಮಾ. ಜತ್ತಕ್ಕೆ ಹೋದರೆ ಪಿಕ್ಚರ್ ಹಿಂದಿ, ಇಲ್ಲವೇ ಮರಾಠಿ. ಇದು ಮೂಕಿ, ಹಾಗಾಗಿ ನಮ್ಮದೇ! (ಮಾತಿಲ್ಲದ ಸಿನಿಮಾ ಮಾತ್ರ ನಮಗೆ ಕನ್ನಡದಲ್ಲಿ ಕೇಳುತ್ತಿತ್ತು.)

ರೀಲು ಆಗಾಗ ಹರಿಯುತ್ತಿತ್ತು. ಕಾಕಾ ಅಂಟಿಸುತ್ತಿದ್ದುದು ಯಾವುದರಿಂದ ಅಂತೀರಿ? ಕಂಬಳಿ ಗಟ್ಟಿಯಾಗಲಿ ಎಂದು ಹಚ್ಚುವ ಹುಣಸೆ ಬೀಜದ ಅಂಟಿನಿಂದ. ಕುರುಬರ ಮನೆಯಲ್ಲಿ ಅದಕ್ಕೇನು ಬರವೇ? ಅಂಟು ಚೆನ್ನಾಗಿಯೇ ಹಿಡಿಯಿತು. ಆದರೆ ಅದರ ರುಚಿ ಇಲಿಗಳಿಗೂ ಹಿಡಿಯಿತು. ಒಂದು ದಿನ ಡಬ್ಬಿ ತೆಗೆದರೆ ಕೊನೆಯ ಭಾಗವೇ ಇಲ್ಲ.

ಕಾಕಾ ಊಟ ಬಿಟ್ಟು ಕುಳಿತರು. ಇನ್ನು ಪಿಕ್ಚರ್ ತೋರಿಸುವುದೇ ಇಲ್ಲ ಎಂದರು. ನಮಗೆಲ್ಲ ಮನೆಯಲ್ಲಿ ಯಾರೋ ತೀರಿಕೊಂಡಷ್ಟು ಸಂಕಟ. ಆಗ ಅವರ ಹೆಂಡತಿ ಸಿದ್ದವ್ವ ಕಾಕು ಅಂದರು: "ಇಲಿ ರೀಲ್ ತಿಂದಾವ್ರಿ. ನಮ್ಮ ತಲಿಯೊಳಗಿಂದು ತಿಂದಾವೇನು?"

ಅಂದು ಸಂಜೆ ರೀಲು ಮುಗಿದು ಧೋತರದ ಪರದೆ ಬೆಳ್ಳಗಾದಾಗ ಕಾಕು ಅದರ ಮುಂದೆ ನಿಂತು ಉಳಿದ ಕಥೆ ಹೇಳಿದರು. ಹುಡುಗ ಬಿದ್ದಂತೆ ಬಿದ್ದರು, ಆಡಿನಂತೆ ಹಾಯ್ದರು. ನಕ್ಕು ನಕ್ಕು ನಮ್ಮ ಹೊಟ್ಟೆ ಹಿಡಿದುಕೊಂಡಿತು. ಮುಂದೆ ಪ್ರತಿ ಸಲವೂ ಹೀಗೇ. ಎಪ್ಪತ್ತರ ದಶಕದಲ್ಲಿ ಪ್ರೊಜೆಕ್ಟರ್ ಕೆಟ್ಟು ಮೂಲೆ ಸೇರುವವರೆಗೂ ಆ ಸಿನಿಮಾ ಪೂರ್ತಿಯಾಗಿಯೇ ಮುಗಿಯುತ್ತಿತ್ತು. ಆ ಬೆಳ್ಳನೆಯ ಧೋತರ ಈಗಲೂ ನೆನಪಾಗುತ್ತದೆ.

"ಅಂದ್ರ ಕೊನೀ ಭಾಗ ನೀವು ನೋಡಿದ್ರ್ಯೋ, ಕೇಳಿದ್ರ್ಯೋ, ಮಾವಾರ?" ಇದನ್ನೆಲ್ಲ ಹೇಳಿದರೂ ಅಳಿಯ ಬಿಡಲಿಲ್ಲ.

ಅನುಮಾನ ಬಂತು. ಡಫಳಾಪುರದಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿದೆ.

"ಕೇಳೂದೇನ ಬಂತೋ, ಈ ಕಣ್ಣಿಲೇ ನೋಡೀನಿ," ಅಂದಳು. "ಆಡು ಮದಿವಿ ಹಂದರಾ ತಿಂತದ. ಹುಡುಗ ಹೋಗಿ ಬೀಗರ ಮ್ಯಾಲ ಬೀಳ್ತಾನ." ಮುಂದೆ ಹೇಳಲಾಗದೆ ನಗತೊಡಗಿದಳು. ನಾನೂ ನಕ್ಕೆ. ಕಣ್ಣಲ್ಲಿ ನೀರು.

ಅಮೆರಿಕದ ಮದುವೆಗೆ ಹಂದರ ಹಾಕಿದವರು ಯಾರು ಎಂದು ಅಳಿಯ ಕೇಳುತ್ತಿದ್ದಾನೆ. ಅದಿರಲಿ, ಕಳೆದುಹೋದ ಕ್ಲೈಮ್ಯಾಕ್ಸ್ ಡಫಳಾಪುರದ ನಮ್ಮಕ್ಕನ ಹತ್ತಿರ ಭದ್ರವಾಗಿದೆ ಎಂದು ಆ ಅಮೆರಿಕದವರಿಗೆ ಯಾರು ತಿಳಿಸಬೇಕು?